ಪುರಸ್ಕಾರದ ತಕ್ಕಡಿ

ವೈವಿಧ್ಯವನ್ನು ಗೌರವಿಸುವೆವೆಂದು ಡಂಗುರ ಸಾರುವ ಸಭೆಗಳು ಮೊತ್ತಮೊದಲು ಮಾಡುವ ಕಾರ್ಯವೇ ಆ ವೈವಿಧ್ಯವನ್ನು ಒಂದು ತಕ್ಕಡಿಯಲ್ಲಿಟ್ಟು ತೂಗುವುದು. ಇದಕ್ಕೆ ಆಫ್ರಿಕಾ ಖಂಡದ ಸಂಗೀತ ಪುರಸ್ಕಾರಗಳಿಗಿಂತ ಬೇರೆ ನಿದರ್ಶನ ಬೇಕಿಲ್ಲ.

ಆಫ್ರಿಕನ್ ಒಕ್ಕೂಟದ ಸಹಯೋಗದಿಂದ 2014ರಲ್ಲಿ ನೈಜೀರಿಯಾದ ಲಾಗೋಸ್ ನಗರದಲ್ಲಿ ‘ಆಫ್ರಿಮಾ’ ಎಂಬ ಪುರಸ್ಕಾರೋತ್ಸವವು ಮೊದಲಾಯಿತು. ಅದು 2018ರಲ್ಲಿ ಘಾನಾದ ಅಕ್ರಾದಲ್ಲಿಯೂ 2023ರ ಜನವರಿಯಲ್ಲಿ ಸೆನೆಗಲ್ ದೇಶದ ಡಾಕಾರಿನಲ್ಲಿಯೂ ನೆರವೇರಿತು. ಪರದೇಶದವರ ಮನ್ನಣೆಗೆ ಕೈಯೊಡ್ಡದೆ ತಮ್ಮ ಗಾಯಕರನ್ನು ತಾವೇ ಸನ್ಮಾನಿಸಹೊರಟ ಈ ಉದ್ಯಮವು ಶ್ಲಾಘ್ಯವೇ ಸರಿ. ಅಮೆರಿಕದ ಗ್ರ್ಯಾಮಿ ಸಂಸ್ಥೆಯಾದರೋ 2024ರಲ್ಲಿ ಮೊದಲ ಬಾರಿಗೆ ‘ಆಫ್ರಿಕದ ಸಂಗೀತ’ಕ್ಕೆಂದು ಒಂದು ಬಹುಮಾನವನ್ನು ತೆರೆದು, 54 ದೇಶಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿತು! ಅದಕ್ಕಿಂತ ಇದು ಎಷ್ಟೋ ಮೇಲು.

ಆದರೆ ಮೇಲೆಂದಮಾತ್ರಕ್ಕೆ ನಿರ್ದುಷ್ಟವೆನ್ನಲಾಗದು. ಆಫ್ರಿಮಾದವರು ಖಂಡವನ್ನು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಮಧ್ಯವೆಂದು ಐದಾಗಿ ಕತ್ತರಿಸಿ, ಒಂದೊಂದು ಭಾಗಕ್ಕೂ ಒಬ್ಬ ಶ್ರೇಷ್ಠ ಗಾಯಕ, ಒಬ್ಬಳು ಶ್ರೇಷ್ಠ ಗಾಯಕಿ ಎಂದು ಆರಿಸುತ್ತಾರೆ. ದಿಕ್ಕೆಂಬುದು ರಾಗವೇ? ಪಶ್ಚಿಮವೊಂದನ್ನೇ ನೋಡಿರಿ. ಘಾನಾದಲ್ಲಿ ಹುಟ್ಟಿದ ಹೈಲೈಫಿನ ಗಿಟಾರು ತುತ್ತೂರಿಗಳು. ಯೊರುಬಾ ಜನರ ಜೂಜು ಸಂಗೀತದಲ್ಲಿ ಮಾತಿನ ಏರಿಳಿತವನ್ನೇ ನುಡಿಸುವ ಮದ್ದಳೆ. ಸೆನೆಗಲಿನ ಎಂಬಲಾಖ್ ಶೈಲಿಗೆ ಬೆನ್ನೆಲುಬಾದ ಸಬಾರ್ ವಾದ್ಯ. ವಂಶಪಾರಂಪರ್ಯವಾಗಿ ಅರಸುಗಳ ಚರಿತ್ರೆಯನ್ನು ಹಾಡುವ ಮಾಂಡೆ ಗಾಯಕರ 21 ತಂತಿಗಳ ಕೋರಾ. ಇವುಗಳಲ್ಲಿ ಯಾವುದು ಹೆಚ್ಚೆಂದು ಕೇಳುವವನು ವೀಣೆಯು ಮೇಲೋ ಚಂಡೆಯು ಮೇಲೋ ಎಂದು ಕೇಳುವವನ ಒಡಹುಟ್ಟಿದವನು.

ಇನ್ನೂ ನಗೆಗೀಡಾದ ಸಂಗತಿಯೊಂದುಂಟು. ಕಡಲಾಚೆಯಿಂದ ಬಂದ ಹಿಪ್-ಹಾಪ್, ರೆಗೇ, ರಾಕ್, ಜಾಝ್ ಮೊದಲಾದವುಗಳಿಗೆ ಬೇರೆಬೇರೆ ಪೀಠಗಳಿವೆ. ‘ಸಾಂಪ್ರದಾಯಿಕ’ ಎಂಬುದಕ್ಕೆ ಮಾತ್ರ ಒಂದೇ! ಮೊರಾಕೋದ ಗ್ನಾವಾ, ಜಿಂಬಾಬ್ವೆಯ ಎಂಬೀರ, ಸ್ವಾಹಿಲೀ ಕವಿತೆಯನ್ನು ಪಿಟೀಲಿನೊಡನೆ ಹಾಡುವ ಜಾಂಜಿಬಾರಿನ ತಾರಬ್, ಎಲ್ಲವೂ ಅದರಲ್ಲೇ ಇಕ್ಕಟ್ಟಿನಲ್ಲಿ ಕೂರಬೇಕು. ನೆಂಟರಿಗೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಮನೆಯವರೆಲ್ಲರಿಗೂ ಸೇರಿ ಜಗಲಿ! ಮತಂಗಮುನಿಯು ‘ಬೃಹದ್ದೇಶಿ’ಯನ್ನು ರಚಿಸಿದಾಗ ದೇಶಿಯು ದೇಶದೇಶಕ್ಕೂ ಬೇರೆಯಾಗುವುದೇ ಅದರ ಲಕ್ಷಣವೆಂದು ಕಂಡುಕೊಂಡಿದ್ದನು. ಅಷ್ಟು ಹಿಂದಿನವನಿಗೆ ಹೊಳೆದುದು ಈಗಿನವರಿಗೆ ಹೊಳೆಯದೇ? (ಈ ತಪ್ಪಿನಲ್ಲಿ ಕನ್ನಡಿಗರೂ ಪಾಲುಗಾರರು. ಯಲ್ಲಾಪುರ, ಹಳಿಯಾಳಗಳ ಸಿದ್ದಿಯರು ಆಫ್ರಿಕದ ಪೂರ್ವಜರ ನೆನಪನ್ನುಳಿಸಿಕೊಂಡ ಡಮಾಮಿಯನ್ನು ತಂದರೆ, ಡೊಳ್ಳು ಕಂಸಾಳೆಗಳ ಜತೆಗೆ ‘ಜಾನಪದ’ವೆಂಬ ಒಂದೇ ಚೀಟಿ ಅಂಟಿಸುವ ಸಭೆಗಳು ಇಲ್ಲಿಯೂ ಕಡಮೆಯಿಲ್ಲ.)

ಅಷ್ಟೊಂದು ವಿಭಾಗ ಮಾಡುವುದು ಅಸಾಧ್ಯವೆಂದು ವ್ಯವಸ್ಥಾಪಕರು ಹೇಳಬಹುದು. ದಕ್ಷಿಣ ಆಫ್ರಿಕದವರು 1995ರಿಂದ ನಡೆಸಿಕೊಂಡು ಬಂದ ತಮ್ಮ ಪುರಸ್ಕಾರದಲ್ಲಿ ಜುಲು ಕೂಲಿಕಾರರ ಗಿಟಾರು ಹಾಡಾದ ಮಸ್ಕಂದಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾರೆ. ಅಸಾಧ್ಯವೆಂಬ ಮಾತು ಅಲ್ಲಿಗೇ ಬಿತ್ತು.

ಇರಲಿ, ವಿಭಾಗದ ಜಗಳಕ್ಕಿಂತಲೂ ಘೋರವಾದುದು ಲೆಕ್ಕದ ಜಗಳ. ಸಾಲೊಮನ್ ಲಿಂಡಾ ಎಂಬ ಜುಲು ಗಾಯಕನು ಜೋಹಾನ್ಸ್‌ಬರ್ಗಿನ ಗ್ರಾಮಾಫೋನ್ ಕಂಪೆನಿಯೊಂದರಲ್ಲಿ ಕೂಲಿಯಾಳು. 1939ರಲ್ಲಿ ಅಲ್ಲಿಯೇ ಅವನು ‘ಎಂಬೂಬೆ’ ಎಂಬ ಹಾಡನ್ನು ಹಾಡಿ, ಅದರ ಹಕ್ಕನ್ನು 10 ಶಿಲ್ಲಿಂಗಿಗೆ ಬಿಟ್ಟುಕೊಟ್ಟನು. 1961ರಲ್ಲಿ ಅಮೆರಿಕದ ಗಾಯಕರು ಅದೇ ಧಾಟಿಗೆ ಇಂಗ್ಲಿಷ್ ಮಾತು ತೊಡಿಸಿ ಲೋಕವನ್ನೇ ಕುಣಿಸಿದರು. ಮರುವರ್ಷ ಲಿಂಡಾ ಬಡವನಾಗಿಯೇ ಸತ್ತನು. ಗೋರಿಗೊಂದು ಕಲ್ಲು ನಿಲ್ಲಿಸಲು ಹೆಂಡತಿಯ ಬಳಿ ಹಣವಿರಲಿಲ್ಲ. 1994ರಲ್ಲಿ ಸಿಂಹದ ಚಲನಚಿತ್ರವೊಂದಕ್ಕೂ ಆ ಹಾಡು ಸೇರಿತು. ಅವನ ಹೆಣ್ಣುಮಕ್ಕಳಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ, 2006ರಲ್ಲಿ, ರಾಜಿಯಾಯಿತು. ಲಿಂಡಾನಿಗೆ ಬೇಕಿದ್ದುದು ಚಿನ್ನದ ಲೇಪದ ಪ್ರತಿಮೆಯೇ?

ಹಣವಿಲ್ಲವೆಂಬ ನೆವವೂ ಸಲ್ಲದು. 2016ರಲ್ಲಿ ‘ಕೋರಾ’ ಪುರಸ್ಕಾರೋತ್ಸವ ವಿಂಡ್‌ಹೂಕಿನಲ್ಲಿ ನಡೆಯುವುದೆಂದು ನಮೀಬಿಯಾದ ಬೊಕ್ಕಸದಿಂದ 2 ಕೋಟಿಗೂ ಹೆಚ್ಚು ನಮೀಬಿಯಾ ಡಾಲರುಗಳು ಹೋದುವು. ಉತ್ಸವ ಮಾತ್ರ ನಡೆಯಲೇ ಇಲ್ಲ. ಅಷ್ಟು ದ್ರವ್ಯದಲ್ಲಿ ಎಷ್ಟು ಮಂದಿ ಮುದುಕರು ಎಷ್ಟು ಹುಡುಗರಿಗೆ ಪಾಠ ಹೇಳಬಹುದಿತ್ತು!

ಆದುದರಿಂದ ಪುರಸ್ಕಾರವೀಯುವವರು ವೇದಿಕೆಯಲ್ಲಿ ದೀಪ ಹಚ್ಚಿದೊಡನೆ ಮೊದಲು ಒಂದು ಪಟ್ಟಿ ಓದಲಿ: ಈ ವರ್ಷ ಯಾರ ಹಾಡನ್ನು ಯಾರು ಬಳಸಿದರು, ಹಾಡಿದವನಿಗೆ ಸಂದುದೆಷ್ಟು, ಸಲ್ಲಬೇಕಾದುದೆಷ್ಟು. ಬಹುಮಾನದ ಹೆಸರುಗಳನ್ನು ಆಮೇಲೆ ಓದಬಹುದು.