ಸೋತವರ ಕಡೆಯಿಂದ ಒಂದು ಚೆಸ್ ಆಟ

1858ರಲ್ಲಿ ಪ್ಯಾರಿಸ್ಸಿನ ಒಪೆರಾದಲ್ಲಿ ಅಮೆರಿಕದ ಪಾಲ್ ಮಾರ್ಫಿ ಆಡಿದ ಆಟವನ್ನು ಚೆಸ್ ಕಲಿಯೋರಿಗೆಲ್ಲ ಒಂದಲ್ಲ ಒಂದು ದಿನ ತೋರಿಸ್ತಾರೆ. ಎದುರಿಗೆ ಕೂತಿದ್ದವರು ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸೂವಾರ್. ಇಬ್ಬರೂ ಹವ್ಯಾಸಿಗಳು, ಮಾತಾಡಿಕೊಂಡು ಒಟ್ಟಿಗೆ ಕಪ್ಪು ಕಾಯಿ ನಡೆಸಿದರು. 17ನೇ ನಡೆಗೆ ಚೆಕ್‌ಮೇಟ್! ಮಾರ್ಫಿ ರಾಣಿಯನ್ನೇ ಬಲಿಕೊಟ್ಟ ಅಂತ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡ್ತಾರೆ, ಮುಂದಿನ ಆಟಕ್ಕೆ ಹೋಗ್ತಾರೆ.

ನನ್ನ ತಕರಾರು ಇರೋದೇ ಇಲ್ಲಿ. ಮಾರ್ಫಿ ಥರ ಆಡೋ ಅವಕಾಶ ನಮ್ಮಂಥವರಿಗೆ ಜನ್ಮಕ್ಕೊಮ್ಮೆ ಸಿಕ್ಕರೆ ಹೆಚ್ಚು. ಡ್ಯೂಕ್ ಥರ ಆಡೋದು ಮಾತ್ರ ದಿನಾ ನಡೆಯುತ್ತೆ :) ಹಾಗಾದರೆ ಓದಬೇಕಾದ್ದು ಯಾರ ಆಟ?

ಓಪನಿಂಗ್ ಫಿಲಿಡೋರ್ ಡಿಫೆನ್ಸ್. ಅದರಲ್ಲಿ ಅಂಥ ದೋಷವೇನಿಲ್ಲ. ಮೂರನೇ ನಡೆಯಲ್ಲಿ ಕಪ್ಪು ಒಂಟೆ (ಬಿಷಪ್) ಜಿ4ಗೆ ಬಂದು ಬಿಳಿ ಕುದುರೆಯನ್ನು ಕಟ್ಟಿಹಾಕಿತು. ನೋಡೋಕೆ ಚೆನ್ನಾಗೇ ಇದೆ. ಆದರೆ ಮಾರ್ಫಿಯ ಪಾನ್ ಇ5ರ ಪಾನನ್ನು ಹೊಡೆಯಿತು. ತಿರುಗಿ ಪಾನಿನಿಂದಲೇ ಹೊಡೆದರೆ? ರಾಣಿಗೆ ರಾಣಿ ಹೋಗುತ್ತೆ, ಕಟ್ಟು ಬಿಚ್ಚಿದ ಕುದುರೆ ಬಂದು ಇ5ರಲ್ಲಿ ಒಂದು ಪಾನ್ ಪುಕ್ಕಟೆ ತಿನ್ನುತ್ತೆ. ಅದಕ್ಕೇ ಕಪ್ಪು ಒಂಟೆಯನ್ನು ಕುದುರೆಗೆ ಕೊಟ್ಟು ಕೈತೊಳೆದುಕೊಳ್ಳಬೇಕಾಯ್ತು. ಎರಡು ನಡೆ ನಡೆದ ಒಂಟೆ ಬೋರ್ಡಿನಲ್ಲೇ ಇಲ್ಲ, ಅದನ್ನು ಹೊಡೆಯೋ ನೆಪದಲ್ಲಿ ಬಿಳಿ ರಾಣಿ ಹೊರಗೆ ಬಂದಾಯ್ತು.

ಮಾರ್ಫಿಯ ಒಂಬತ್ತನೇ ನಡೆಗೆ ಎಣಿಸಿ ನೋಡಿ. ಬಿಳಿಯ ನಾಲ್ಕು ಕಾಯಿ ಹೊರಗಿವೆ. ಕಪ್ಪಿನದು ಒಂದು ಕುದುರೆ, ಮತ್ತೆ ತನ್ನದೇ ಒಂಟೆಯ ದಾರಿಗೆ ಅಡ್ಡ ನಿಂತ ರಾಣಿ. ಇಂಥ ಹೊತ್ತಲ್ಲಿ ಅವರು ಬಿಳಿ ಒಂಟೆಯನ್ನು ಓಡಿಸೋಕೆ ಬಿ5ಕ್ಕೆ ಪಾನ್ ತಳ್ಳಿದರು. ಮಾರ್ಫಿ ಕುದುರೆ ಕೊಟ್ಟು ಬಾಗಿಲು ಒಡೆದ. ಮೇಟ್ ಆದಾಗ ಕಪ್ಪು ರಾಜನ ಪಕ್ಕದ ಒಂಟೆ, ಮೂಲೆಯ ಆನೆ ಎರಡೂ ಒಂದು ಮನೆಯೂ ಕದಲಿರಲಿಲ್ಲ!

ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದರೆ, ಕ್ರ್ಯಾಶ್ ಆಗಿದ್ದು 17ನೇ ಸಾಲಲ್ಲಿ, ಬಗ್ ಇದ್ದಿದ್ದು ಮೂರನೇ ಸಾಲಲ್ಲಿ. ಈಗಿನ ಚೆಸ್ ಎಂಜಿನ್ನಿಗೆ ಕೊಟ್ಟರೆ ಪ್ರತಿ ನಡೆಗೂ ಒಂದು ಅಂಕಿ ಉಗುಳುತ್ತೆ, ಯಾಕೆ ಅಂತ ಹೇಳಲ್ಲ. 1935ರಿಂದ 1937ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಮ್ಯಾಕ್ಸ್ ಯೂವೆ, ವಾಲ್ಟರ್ ಮೈಡನ್ ಜೊತೆ ಸೇರಿ ಹವ್ಯಾಸಿಗಳು ಸೋಲೋ ಆಟಗಳ ಮೇಲೇ ಒಂದು ಪುಸ್ತಕ ಬರೆದಿದ್ದಾರೆ. ನಾವು ನೋಡಿದ್ರೆ ಮಕ್ಕಳಿಗೆ ಹದಿನೈದು ನಡೆಯ ಓಪನಿಂಗ್ ಮಗ್ಗಿ ಥರ ಉರು ಹೊಡೆಸ್ತಿದ್ದೀವಿ... ಎದುರಾಳಿ ನಾಲ್ಕನೇ ನಡೆಗೇ ಮಗ್ಗಿ ತಪ್ಪಿಸಿದರೆ ಆ ಮಗು ಏನು ಮಾಡಬೇಕು?

ಇರಲಿ, ಬೋರ್ಡನ್ನು ಆ ಒಂಬತ್ತನೇ ನಡೆಗೆ ಜೋಡಿಸಿಕೊಳ್ಳಿ. ಬಿ5 ಬದಲು ನೀವಾಗಿದ್ರೆ ಏನು ಆಡ್ತಿದ್ರಿ? ಕಂಪ್ಯೂಟರ್ ಕೇಳದೆ ಹೇಳಿ ನೋಡೋಣ.