ಕುಕ್ಕರ್ ಕೂಗಿದರೂ ತಿರುಗದ ಮಗು

ಮಾಲೂರು ಸುತ್ತಿನ ಇಟ್ಟಿಗೆ ಗೂಡುಗಳಿಗೆ ದುಡಿಯಲು ಬಂದವರ ಮಕ್ಕಳು, ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವವರ ಮಕ್ಕಳು ಅಂಗನವಾಡಿಯಲ್ಲಿ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಅವರಲ್ಲೊಂದು ಮಗು ಮೂರು ತುಂಬಿದರೂ ಮಾತಾಡುವುದಿಲ್ಲ ಎನ್ನೋಣ. ‘ಇಲ್ಲಿಯ ಭಾಷೆ ಹೊಸದು, ನಿಧಾನವಾಗಿ ಕಲಿಯುತ್ತೆ’ ಎನ್ನುತ್ತಾರೆ ಮನೆಯವರು. ಇರಬಹುದು. ಆದರೆ ಪಕ್ಕದಲ್ಲಿ ಕುಕ್ಕರ್ ಕೂಗಿದಾಗ ಉಳಿದವರೆಲ್ಲ ಅತ್ತ ತಿರುಗಿ, ಆ ಮಗು ಮಾತ್ರ ತನ್ನ ಪಾಡಿಗೆ ಬಿಲ್ಲೆ ಜೋಡಿಸುತ್ತಿದ್ದರೆ ಕಿವಿಯ ಪರೀಕ್ಷೆ ಆಗಲೇಬೇಕು.

ಈ ವ್ಯತ್ಯಾಸ ಟೀಚರ್ ಕಣ್ಣಿಗೆ ಬೀಳಬೇಕು. ಅಂಗನವಾಡಿ ತರಬೇತಿಗೆ ನರವಿಜ್ಞಾನ ಬೇಕಿರುವುದು ಇದಕ್ಕೇ.

ಶಬ್ದವೇ ತಲುಪದಿದ್ದರೆ ಮಿದುಳಿನಲ್ಲಿ ಕೇಳುವಿಕೆಗೆಂದಿರುವ ಭಾಗ ಸರಿಯಾಗಿ ಬಲಿಯುವುದಿಲ್ಲ. ಬರಬರುತ್ತ ಅದು ನೋಟ, ಸ್ಪರ್ಶದ ಕೆಲಸಕ್ಕೆ ಹೊರಳಿಕೊಳ್ಳುತ್ತದೆ. ಅಮೆರಿಕದಲ್ಲಿ ಅನು ಶರ್ಮಾ ಅವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರೂವರೆ ವರ್ಷದೊಳಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಗೆ ಜೋಡಿಸುವ ಶ್ರವಣ ಸಾಧನ) ಆದ ಮಕ್ಕಳ ಮಿದುಳು ಕೆಲವೇ ತಿಂಗಳಲ್ಲಿ ವಯಸ್ಸಿಗೆ ತಕ್ಕಂತೆ ಶಬ್ದಕ್ಕೆ ಸ್ಪಂದಿಸತೊಡಗಿತು. ಏಳು ದಾಟಿದ ಮೇಲೆ ಆದವರಲ್ಲಿ ಬಹುಪಾಲು ಹಾಗಾಗಲಿಲ್ಲ. ಒಂದನೇ ತರಗತಿಗೆ ಸೇರಲಿ, ಆಮೇಲೆ ನೋಡೋಣ ಎನ್ನುವಂತಿಲ್ಲ. ಸನ್ನೆ ಭಾಷೆಯನ್ನೂ ಆ ವಯಸ್ಸಿನಲ್ಲೇ ಶುರು ಮಾಡಬೇಕು. ಮಿದುಳಿಗೆ ಬೇಕಾದದ್ದು ಭಾಷೆ, ಅದು ಬಾಯಿಂದಲೇ ಬರಬೇಕೆಂದಿಲ್ಲ.

ಎರಡು ಭಾಷೆ ಕಿವಿಗೆ ಬಿದ್ದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂಬ ನಂಬಿಕೆಯನ್ನೂ ತರಬೇತಿ ಕಳೆಯಬೇಕು. ಇದೇ ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಜ್ಞಾನಪೀಠ ಬಂದದ್ದು ಕನ್ನಡಕ್ಕೆ.

ಕೇಂದ್ರ ಸರ್ಕಾರ 2023ರಲ್ಲಿ ‘ಪೋಷಣ್ ಭೀ ಪಢಾಯಿ ಭೀ’ ಎಂಬ ಅಂಗನವಾಡಿ ಕಲಿಕೆಯ ಕಾರ್ಯಕ್ರಮ ಆರಂಭಿಸಿ, ಅದೇ ವರ್ಷದ ನವೆಂಬರಿನಲ್ಲಿ ವಿಕಲಚೇತನ ಮಕ್ಕಳಿಗಾಗಿ ಅಂಗನವಾಡಿ ಮಾರ್ಗಸೂಚಿಯನ್ನೂ ಹೊರಡಿಸಿತು. ದಾರಿ ಸರಿಯಾಗಿದೆ. ಆದರೆ ಕಾರ್ಯಕರ್ತೆಯರಿಗೆ ಸಿಗುವುದು ಮೂರು ದಿನದ ತರಬೇತಿ. ಆರು ವರ್ಷದೊಳಗೆ ಶೇ 85ಕ್ಕೂ ಹೆಚ್ಚು ಮಿದುಳಿನ ಬೆಳವಣಿಗೆ ಆಗುತ್ತದೆ ಎಂಬ 2020ರ ಶಿಕ್ಷಣ ನೀತಿಯ ಮಾತನ್ನು ಅಷ್ಟರಲ್ಲಿ ಬಾಯಿಪಾಠ ಮಾಡಿಸಬಹುದು, ಕಣ್ಣು ಪಳಗಿಸಲಾಗದು. ಎಡ ಮಿದುಳಿನ ಮಗು, ಬಲ ಮಿದುಳಿನ ಮಗು ಎಂಬ ಆಧಾರವಿಲ್ಲದ ಮಾತುಗಳು ನುಸುಳುವುದೂ ಇಂಥ ಅವಸರದಲ್ಲೇ.

ಸೂಪರ್‌ವೈಸರ್ ಕರೆಯುವ ತಿಂಗಳ ಸಭೆಯಲ್ಲಿ ರಿಜಿಸ್ಟರು, ಪೋಷಣ್ ಟ್ರ್ಯಾಕರ್ ಆ್ಯಪಿನ ಲೆಕ್ಕದ ಆಚೆಗೆ ಒಂದು ಗಂಟೆಯನ್ನು ಮಕ್ಕಳಿಗೇ ಮೀಸಲಿಡಲಿ. ಹೆಸರು ಕೂಗಿದರೆ ಯಾವ ಮಗು ತಿರುಗಲಿಲ್ಲ, ಯಾವುದು ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಟೀಚರುಗಳೇ ಹೇಳಲಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ವೀಡಿಯೊ ಕರೆಯಲ್ಲಿ ಕೂತು ಕೇಳಲಿ. ಕಾಯಿಲೆಗೆ ಹೆಸರಿಡುವುದು ಟೀಚರ್ ಕೆಲಸವಲ್ಲ. ಕಂಡದ್ದನ್ನು ಬರೆದಿಟ್ಟರೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬಂದಾಗ ಆ ಮಕ್ಕಳನ್ನೇ ಮೊದಲು ನೋಡಬಹುದು.

ಆಮೇಲಿನ ಪರೀಕ್ಷೆ ಮಾಲೂರು ತಾಲ್ಲೂಕು ಆಸ್ಪತ್ರೆಯಲ್ಲೇ, ಗೊತ್ತುಪಡಿಸಿದ ದಿನ ನಡೆಯಬೇಕು. ಗೂಡಿನಲ್ಲಿ ದುಡಿಯುವ ತಾಯಿ ಪರೀಕ್ಷೆಗೆಂದು ಜಿಲ್ಲಾ ಕೇಂದ್ರ ಕೋಲಾರಕ್ಕೆ ಹೋಗಿ ಬಂದರೆ ಆ ದಿನದ ಕೂಲಿ ಹೋಯಿತು. ಎರಡನೇ ಸಲ ಬಾ ಎಂದರೆ ಅವಳು ಬರುವುದು ಕಷ್ಟ.