ಮನೆಯೊಳಗಿನ ಸೈಕಲ್: ಪರದೆ ನೋಡಿ ಮರುಳಾಗಬೇಡಿ

‘ಈ ವಯಸ್ಸಲ್ಲಿ ಟ್ರಯಥ್ಲಾನಾ? ಅದೂ ಶ್ರೀನಿವಾಸಪುರದಲ್ಲಿ ಕೂತ್ಕೊಂಡು?’ ಅಂತ ನಗುವವರು ನಗಲಿ ಬಿಡಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಮ್ಮನೋ ನಾದಿನಿಯೋ ಗೋವಾಕ್ಕೆ ಹೋಗಿ ಪದಕ ಹಾಕಿಕೊಂಡು ಬಂದ ಫೋಟೊ ತೋರಿಸಿದರೆ ‘ನಾನೂ ಒಂದು ಕೈ ನೋಡ್ಲಾ?’ ಅನ್ನುವ ಆಸೆ ಹುಟ್ಟುವುದು ತಪ್ಪೇನಲ್ಲ. ಆಸೆ ಹುಟ್ಟಿದ ಕೂಡಲೇ ಎದುರಾಗುವ ಮೊದಲ ಪ್ರಶ್ನೆ, ಸೈಕಲ್ ಎಲ್ಲಿ ತುಳಿಯೋದು? ಎರಡನೆಯದು, ಮನೆಯೊಳಗೇ ತುಳಿಯೋದಾದ್ರೆ ಯಾವುದನ್ನು ಕೊಳ್ಳೋದು?

ಗೊತ್ತಿಲ್ಲದವರಿಗೆ ಎರಡು ಮಾತು. ಈಜು, ಸೈಕಲ್, ಓಟ ಈ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸುವ ಸ್ಪರ್ಧೆಯೇ ಟ್ರಯಥ್ಲಾನ್. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಆರಂಭವಾಗಿ, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಜಾಗ ಪಡೆಯಿತು. ಹೊಸಬರಿಗೆಂದೇ ಇರುವ ‘ಸ್ಪ್ರಿಂಟ್’ನಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ಸ್‌ನದು ಇದರ ಎರಡರಷ್ಟು. 2019ರಲ್ಲಿ ಗೋವಾದಲ್ಲಿ ಶುರುವಾದ ‘ಐರನ್‌ಮ್ಯಾನ್ 70.3’ ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಯಾವುದನ್ನೇ ತೆಗೆದುಕೊಳ್ಳಿ, ಒಟ್ಟು ಸಮಯದ ಹೆಚ್ಚುಕಮ್ಮಿ ಅರ್ಧ ಪಾಲು ಸೈಕಲ್ ಮೇಲೆಯೇ ಕಳೆಯುತ್ತದೆ. ಹಾಗಾಗಿ ಸೈಕಲ್ ಅಭ್ಯಾಸ ತಪ್ಪಿಸಿಕೊಂಡು ಟ್ರಯಥ್ಲಾನ್ ಮಾಡಲಾಗದು.

ಹೆಂಗಸರಿಗೆ ಇದೆಲ್ಲ ಆಗೋದುಂಟಾ ಅನ್ನುವವರಿಗೆ ಅನು ವೈದ್ಯನಾಥನ್ ಹೆಸರು ಹೇಳಿ. ಬೆಂಗಳೂರಿನಲ್ಲಿ ಸ್ವಂತ ಕಂಪನಿ ನಡೆಸುತ್ತಲೇ ಅಭ್ಯಾಸ ಮಾಡುತ್ತಿದ್ದ ಈಕೆ 2009ರಲ್ಲಿ ಕೆನಡಾದ ‘ಅಲ್ಟ್ರಾಮ್ಯಾನ್’ ಮುಗಿಸಿದರು. ಮೂರು ದಿನದಲ್ಲಿ 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ!

ರಸ್ತೆ ನಮ್ಮದಲ್ಲದ ಹೊತ್ತು

ರಸ್ತೆ ಇರುವಾಗ ಮನೆಯೊಳಗೇಕೆ ತುಳಿಯಬೇಕು ಅಂತ ಗಂಡಸರು ಕೇಳಬಹುದು. ನಮಗೆ ಬಿಡುವು ಸಿಗೋದು ಯಾವಾಗ ಅಂತ ಅವರಿಗೆ ಗೊತ್ತಿರೋದಿಲ್ಲ. ಬೆಳಿಗ್ಗೆ ಐದರಿಂದ ಆರು, ಇಲ್ಲವೇ ರಾತ್ರಿ ಮಕ್ಕಳು ಮಲಗಿದ ಮೇಲೆ. ಆರರ ನಂತರ ಡೇರಿಗೆ ಹಾಲು, ತಿಂಡಿ, ಟಿಫನ್ ಡಬ್ಬಿ, ಸ್ಕೂಲ್ ವ್ಯಾನು. ಆ ಕತ್ತಲಲ್ಲಿ ಚಿಂತಾಮಣಿ ರಸ್ತೆಗೋ ಮುಳಬಾಗಿಲು ರಸ್ತೆಗೋ ಒಂಟಿ ಹೆಂಗಸು ಸೈಕಲ್ ಇಳಿಸೋದು ಸಾಮಾನ್ಯ ಮಾತಲ್ಲ. ಬೀದಿನಾಯಿ ಬೆನ್ನಟ್ಟುತ್ತವೆ. ಡಿಸೆಂಬರ್ ಬಂದರೆ ಮಂಜು. ಮೇ, ಜೂನ್ ತಿಂಗಳಲ್ಲಂತೂ ಮಾವಿನ ಲಾರಿ, ಟ್ರ್ಯಾಕ್ಟರು, ಟೆಂಪೊಗಳ ಸಾಲು ಮಂಡಿ ಕಡೆ ಹೊರಟಿರುತ್ತದೆ. ಇವೆಲ್ಲ ಸಾಲದು ಅಂತ ‘ಯಾರ ಮನೆಯಾಕೆ ಇವಳು?’ ಅಂತ ತಿರುಗಿ ತಿರುಗಿ ನೋಡುವ ಕಣ್ಣುಗಳು ಬೇರೆ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದು ನೆನಪಿದೆಯಾ? ಅವತ್ತು ಸೈಕಲ್ ಸಿಕ್ಕ ಹುಡುಗಿ ಇವತ್ತು ಮೂವತ್ತು ದಾಟಿದ ತಾಯಿ. ಹಳ್ಳಿಯಿಂದ ಹೈಸ್ಕೂಲಿಗೆ ಲೀಲಾಜಾಲವಾಗಿ ತುಳಿದವಳಿಗೆ ಮದುವೆಯಾದ ಮೇಲೆ ಸೈಕಲ್ ಮುಟ್ಟಲು ಸಂಕೋಚ. ಕಾಲಿನ ಶಕ್ತಿ ಎಲ್ಲೂ ಹೋಗಿಲ್ಲ, ರಸ್ತೆ ಕೈತಪ್ಪಿದೆ ಅಷ್ಟೇ.

ಅದಕ್ಕೇ ನಾನು ಹೇಳೋದು, ಮನೆಯೊಳಗಿನ ಸೈಕಲ್ ನಮ್ಮಂಥವರಿಗೆ ಶೋಕಿಯ ಸಾಮಾನಲ್ಲ, ಕೈತಪ್ಪಿದ ರಸ್ತೆಗೆ ಬದಲಿ. ರಸ್ತೆಗೆ ಬದಲಿ ಅಂದಮೇಲೆ ರಸ್ತೆಯ ಸೈಕಲ್ಲಿಗೆ ಎಷ್ಟು ಹತ್ತಿರವಿದೆ ಅನ್ನೋದನ್ನೇ ಮೊದಲು ನೋಡಬೇಕು. ಪರದೆಯ ಮೇಲೆ ಎಷ್ಟು ಬಣ್ಣದ ಅಂಕಿ ಕುಣಿಯುತ್ತವೆ ಅನ್ನೋದನ್ನಲ್ಲ.

ಯಾವುದು ಬೇಡ, ಯಾವುದು ಬೇಕು

ಅಂಗಡಿಗೆ ಹೋದರೆ ಮೊದಲು ತೋರಿಸೋದು ‘ಏರ್ ಬೈಕ್’. ಮುಂದೆ ಫ್ಯಾನಿನಂಥ ಚಕ್ರ, ಜೊತೆಗೆ ಹಿಂದೆ ಮುಂದೆ ಆಡುವ ಕೈಹಿಡಿ. ಬೆಲೆ ಕಡಿಮೆ, ಹತ್ತು ಸಾವಿರದ ಆಸುಪಾಸು. ಮೈ ಬೆವರಿಸಲು ಅಡ್ಡಿಯಿಲ್ಲ, ಮನೆಮಂದಿಯೆಲ್ಲ ಬಳಸಬಹುದು. ಆದರೆ ನೆಟ್ಟಗೆ ಕೂತು ಕೈ ಆಡಿಸುತ್ತಾ ತುಳಿಯೋದಕ್ಕೂ, ಮುಂದಕ್ಕೆ ಬಾಗಿ ಒಂದೇ ಸಮ ಒಂದು ಗಂಟೆ ತುಳಿಯೋದಕ್ಕೂ ಅಜಗಜಾಂತರ. ಸದ್ದೂ ಜಾಸ್ತಿ. ಟ್ರಯಥ್ಲಾನಿಗೆ ಇದು ಬೇಡ.

ಬೆನ್ನಿಗೆ ಒರಗು ಇರುವ, ಕಾಲು ಮುಂದೆ ಚಾಚಿ ತುಳಿಯುವ ‘ರಿಕಂಬೆಂಟ್’ ಬೈಕು ಅತ್ತೆ ಮಾವನಿಗೆ, ಸೊಂಟ ನೋವಿನವರಿಗೆ ಒಳ್ಳೆಯದು. ನಿಮ್ಮ ಉದ್ದೇಶಕ್ಕೆ ಅಲ್ಲ.

‘ಸ್ಪಿನ್ ಬೈಕ್’ ಕೊಂಚ ಪರವಾಗಿಲ್ಲ. ಮುಂದೆ ಭಾರದ ಚಕ್ರ ಇರುತ್ತದೆ, ಅದಕ್ಕೆ ಫ್ಲೈವೀಲ್ ಅಂತಾರೆ. ಚಕ್ರ ಭಾರವಿದ್ದಷ್ಟೂ ತುಳಿತ ನಯ, ನಿಜವಾದ ಸೈಕಲ್ಲಿನ ಹಾಗೆ. ಬಿಗಿ ಹೆಚ್ಚಿಸುವ ವ್ಯವಸ್ಥೆಯಲ್ಲಿ ಎರಡು ಬಗೆ. ಒಂದು, ಚಕ್ರಕ್ಕೆ ಉಣ್ಣೆಯ ಪ್ಯಾಡ್ ಉಜ್ಜುವಂಥದ್ದು. ಇದು ಸವೆಯುತ್ತದೆ, ಬದಲಿಸುತ್ತಿರಬೇಕು. ಇನ್ನೊಂದು ಅಯಸ್ಕಾಂತದ್ದು. ಚಕ್ರಕ್ಕೆ ತಾಗುವುದೇ ಇಲ್ಲವಾದ್ದರಿಂದ ಸವೆತವೂ ಇಲ್ಲ, ಸದ್ದೂ ಇಲ್ಲ. ಪಕ್ಕದ ರೂಮಿನಲ್ಲಿ ಮಗು ಮಲಗಿರುವ ಮನೆಗೆ ಅಯಸ್ಕಾಂತದ್ದೇ ಸರಿ. ಸಾವಿರ, ಎರಡು ಸಾವಿರ ಹೆಚ್ಚಾದರೂ ಚಿಂತೆಯಿಲ್ಲ.

ಆದ್ರೆ ನನ್ನ ಓಟು ಇವ್ಯಾವಕ್ಕೂ ಅಲ್ಲ, ‘ಟ್ರೈನರ್ ಸ್ಟ್ಯಾಂಡ್’ಗೆ. ನಿಮ್ಮದೇ ಸೈಕಲ್ಲಿನ ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಕಬ್ಬಿಣದ ಸ್ಟ್ಯಾಂಡ್ ಇದು. ಟಯರಿಗೆ ಒಂದು ರೋಲರ್ ಒತ್ತಿಕೊಂಡಿರುತ್ತದೆ. ತುಳಿದರೆ ಚಕ್ರ ತಿರುಗುತ್ತದೆ, ಸೈಕಲ್ ಇದ್ದಲ್ಲೇ ಇರುತ್ತದೆ. ಸ್ಪರ್ಧೆಯ ದಿನ ಯಾವ ಸೀಟಿನ ಮೇಲೆ ಕೂರುತ್ತೀರೋ ಅದೇ ಸೀಟು, ಅದೇ ಹ್ಯಾಂಡಲ್, ಅದೇ ಗೇರು. ಮೈ ಅದಕ್ಕೇ ಒಗ್ಗುತ್ತದೆ. ಮುಗಿದ ಮೇಲೆ ಮಡಚಿ ಮಂಚದ ಕೆಳಗೆ ತಳ್ಳಬಹುದು. ಹಜಾರದಲ್ಲಿ ಕಾಯಂ ಜಾಗ ಕೇಳೋದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದುಡ್ಡು ಸೈಕಲ್ಲಿಗೆ ಹೋಗುತ್ತದೆ, ಆ ಸೈಕಲ್ ಮನೆಯಿಂದ ಹೊರಗೂ ಹೋಗುತ್ತದೆ.

ಕೊಳ್ಳುವ ಮುನ್ನ ನಿಮ್ಮ ಸೈಕಲ್ ಅದಕ್ಕೆ ಕೂರುತ್ತದಾ ನೋಡಿ. ಹಿಂದಿನ ಚಕ್ರದ ಅಳತೆ ಸ್ಟ್ಯಾಂಡಿಗೆ ಹೊಂದಬೇಕು. ನಟ್ ಹಾಕಿ ಬಿಗಿದ ಚಕ್ರವಾದರೆ ಅದಕ್ಕೆ ತಕ್ಕ ಬೇರೆ ನಟ್ ಬೇಕಾಗುತ್ತದೆ. ಗುಬುಟು ಗುಬುಟಾದ ಎಂಟಿಬಿ ಟಯರು ರೋಲರ್ ಮೇಲೆ ಗುಂಯ್‌ಗುಟ್ಟುತ್ತದೆ, ನುಣುಪು ಟಯರು ಹಾಕಿಸಿ. ಹಿಂಬದಿ ಎತ್ತರವಾಗುವುದರಿಂದ ಮುಂದಿನ ಚಕ್ರದ ಕೆಳಗೆ ಒಂದು ಹಲಗೆ ಇಡಬೇಕು.

ಹಿಂದಿನ ಚಕ್ರವನ್ನೇ ಕಳಚಿ ಚೈನನ್ನು ನೇರ ಯಂತ್ರಕ್ಕೆ ಹಾಕುವ ‘ಸ್ಮಾರ್ಟ್ ಟ್ರೈನರ್’ಗಳಿವೆ. ಪರದೆಯ ಮೇಲೆ ಬೆಟ್ಟ ಬಂದರೆ ತಾನಾಗಿ ಬಿಗಿಯಾಗುತ್ತವೆ, ಎಷ್ಟು ವ್ಯಾಟ್ ಶಕ್ತಿ ಹಾಕಿದಿರಿ ಅಂತ ಸಾಕಷ್ಟು ನಿಖರವಾಗಿ ಹೇಳುತ್ತವೆ. ಒಳ್ಳೆಯವೇ. ಆದರೆ ಬೆಲೆ ಹತ್ತಾರು ಸಾವಿರ. ಪೂರ್ತಿ ‘ಸ್ಮಾರ್ಟ್ ಬೈಕ್’ ಆದರೆ ಲಕ್ಷದ ಲೆಕ್ಕ. ಮೊದಲ ವರ್ಷಕ್ಕೆ ಅದರ ಅಗತ್ಯವಿಲ್ಲ. ಇನ್ನೊಂದು ಮಾತು, ಅವಕ್ಕೆ ಕರೆಂಟು ಬೇಕು. ಬೆಳಿಗ್ಗೆ ಐದಕ್ಕೆ ಕರೆಂಟು ಹೋದರೆ ಯಂತ್ರವೂ ಕೂತಿತು, ನಿಮ್ಮ ಆ ಒಂದು ಗಂಟೆಯೂ ಹೋಯಿತು. ಕೈಯಿಂದ ಬಿಗಿ ತಿರುಗಿಸುವ ಸ್ಟ್ಯಾಂಡು, ಸ್ಪಿನ್ ಬೈಕುಗಳಿಗೆ ಈ ತಾಪತ್ರಯವಿಲ್ಲ.

ಕೂತು ನೋಡದೆ ಕೊಳ್ಳಬೇಡಿ

ಸೀರೆಯನ್ನು ಮೈಮೇಲೆ ಹಾಕಿಕೊಂಡು ನೋಡದೆ ಕೊಳ್ಳುತ್ತೀವಾ? ಇದೂ ಹಾಗೇ. ಸೈಕಲ್ಲಾಗಲಿ, ಸ್ಪಿನ್ ಬೈಕಾಗಲಿ, ಹತ್ತು ನಿಮಿಷ ತುಳಿದೇ ದುಡ್ಡು ಕೊಡಿ. ಈ ಅಂಶಗಳನ್ನು ಗಮನಿಸಿ.

* ಸೀಟು ಮೇಲೆ ಕೆಳಗೆ ಮಾತ್ರವಲ್ಲ, ಹಿಂದೆ ಮುಂದೆಯೂ ಸರಿಯಬೇಕು. ಸ್ಪಿನ್ ಬೈಕಾದರೆ ಹ್ಯಾಂಡಲ್ ಕೂಡ ಹಾಗೇ ಸರಿದಾಡಬೇಕು. ಐದಡಿ ಎತ್ತರದವರಿಗೆ ಇದು ತೀರಾ ಮುಖ್ಯ. ಎಷ್ಟೋ ಬೈಕುಗಳ ಅಳತೆ ಎತ್ತರದ ಗಂಡಸರಿಗೆ ಹೊಂದುವಂಥದ್ದು.

* ಸೀಟಿನ ಎತ್ತರ ನೋಡಲು ಸುಲಭದ ಉಪಾಯ: ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲು ಇಟ್ಟರೆ ಮಂಡಿ ಸ್ವಲ್ಪ ಮಡಚಿರುತ್ತದೆ. ಸೀಟು ತಗ್ಗಿದ್ದರೆ ಮಂಡಿಯ ಮುಂದೆ ನೋವು, ಎತ್ತರವಿದ್ದರೆ ಸೊಂಟ ಅತ್ತಿತ್ತ ಓಲಾಡುತ್ತದೆ.

* ಎರಡು ಪೆಡಲ್‌ಗಳ ನಡುವಿನ ಅಗಲ ನೋಡಿ. ರಸ್ತೆಯ ರೇಸ್ ಸೈಕಲ್ಲಿನಲ್ಲಿ ಇದು ಸುಮಾರು 15 ಸೆಂ.ಮೀ. ಅಗ್ಗದ ಬೈಕುಗಳಲ್ಲಿ ಇದಕ್ಕಿಂತ ಬಹಳ ಹೆಚ್ಚಿರುತ್ತದೆ. ಕಾಲಗಲಿಸಿ ಸಾವಿರಾರು ಸಲ ತುಳಿದರೆ ಮಂಡಿ ದೂರು ಹೇಳದೆ ಇರುತ್ತದಾ?

* ಸೀಟು ಬದಲಿಸಲು ಬರುತ್ತದಾ ಕೇಳಿ. ಹೆಂಗಸರ ಕೂರುಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚು, ಸೀಟೂ ಅದಕ್ಕೆ ತಕ್ಕಂತಿರಬೇಕು. ಹಾಗಂತ ಮೆತ್ತಗಿರೋದೆಲ್ಲ ಒಳ್ಳೆಯದಲ್ಲ. ಮೆತ್ತನೆ ದಪ್ಪ ಸೀಟಿನಲ್ಲಿ ಅರ್ಧ ಗಂಟೆ ಕಳೆದರೆ ಉಜ್ಜಿ ಉರಿ ಶುರು. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ಕೊಳ್ಳಿ, ಬೇಕಾದರೆ ಮೇಲೆ ಸಡಿಲ ಪ್ಯಾಂಟ್ ಹಾಕಿಕೊಳ್ಳಿ.

* ಸ್ಪಿನ್ ಬೈಕಿನ ತೂಕ ಸಾಮಾನ್ಯವಾಗಿ 30 ಕೆ.ಜಿ.ಗೂ ಮೇಲೆ. ಮಹಡಿ ಮನೆಯಾದರೆ ಹತ್ತಿಸೋರು ಯಾರು, ಜೋಡಿಸೋರು ಯಾರು, ಕೆಟ್ಟರೆ ರಿಪೇರಿಗೆ ಶ್ರೀನಿವಾಸಪುರದವರೆಗೆ ಜನ ಬರ್ತಾರಾ ಅಂತ ಮೊದಲೇ ಬಾಯಿಬಿಟ್ಟು ಕೇಳಿ. ‘ವಾರಂಟಿ ಇದೆ ಮೇಡಂ’ ಅಂದರೆ ಸಾಲದು, ಬರವಣಿಗೆಯಲ್ಲಿ ಪಡೆಯಿರಿ.

* ಹೆಚ್ಚಿನ ಸ್ಪಿನ್ ಬೈಕುಗಳಲ್ಲಿ ನೀವು ತುಳಿಯೋದು ನಿಲ್ಲಿಸಿದರೂ ಚಕ್ರ ತಿರುಗುತ್ತಲೇ ಇರುತ್ತದೆ, ಪೆಡಲ್ ಕೂಡ. ತಟ್ಟನೆ ನಿಲ್ಲಿಸುವ ಬ್ರೇಕ್ ಇದೆಯಾ ನೋಡಿ. ಯಾವ ಯಂತ್ರವಾದರೂ ಚಿಕ್ಕ ಮಕ್ಕಳ ಬೆರಳು ಹತ್ತಿರ ಸುಳಿಯಬಾರದು. ದುಪಟ್ಟಾ, ನೈಟಿ, ಸೀರೆ ಸೆರಗು ಬೇಡವೇ ಬೇಡ.

ಪರದೆಯ ಕಿ.ಮೀ., ಕ್ಯಾಲೊರಿ ನೋಡಿ ಬೀಗಬೇಡಿ. ಅಗ್ಗದ ಯಂತ್ರದ ಕಿ.ಮೀ. ರಸ್ತೆಯ ಕಿ.ಮೀ. ಅಲ್ಲ, ಅದೆಲ್ಲ ಅಂದಾಜು. ನಿಮಿಷಕ್ಕೆ ಎಷ್ಟು ಸುತ್ತು ತುಳಿದಿರಿ, ಎಷ್ಟು ಹೊತ್ತು ತುಳಿದಿರಿ, ಎಷ್ಟು ಏದುಸಿರು ಬಂತು ಈ ಮೂರನ್ನು ಒಂದು ಡೈರಿಯಲ್ಲಿ ಬರೆದಿಡಿ. ನಿಮಿಷಕ್ಕೆ 80ರಿಂದ 90 ಸುತ್ತು ನಿಧಾನವಾಗಿ ರೂಢಿಸಿಕೊಂಡರೆ ಕಾಲು ಬೇಗ ಸೋಲುವುದಿಲ್ಲ.

ಮನೆಯೊಳಗೆ ಗಾಳಿ ಇರೋದಿಲ್ಲ, ಬೆವರು ಧಾರಾಕಾರ. ಎದುರಿಗೊಂದು ಟೇಬಲ್ ಫ್ಯಾನು, ನೀರಿನ ಬಾಟಲಿ, ಹ್ಯಾಂಡಲ್ ಮೇಲೊಂದು ಟವೆಲು ಇರಲಿ. ಬೆವರಿನ ಉಪ್ಪು ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ, ಮುಗಿದ ಕೂಡಲೇ ಒರೆಸಿ. ಬಿಪಿ, ಹೃದಯದ ತೊಂದರೆ, ಮಂಡಿ ನೋವು ಇದ್ದವರು, ಹೆರಿಗೆಯಾಗಿ ಹೆಚ್ಚು ದಿನವಾಗದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಮತ್ತೆ ನಾಲ್ಕು ಗೋಡೆಯೊಳಗೇನಾ?

‘ಕೊನೆಗೂ ಹೆಂಗಸನ್ನು ಮನೆಯೊಳಗೇ ಕೂರಿಸಿದ ಹಾಗಾಯ್ತಲ್ಲಾ?’ ಅನ್ನುವ ಆಕ್ಷೇಪ ಬರಬಹುದು. ಮಾತಿನಲ್ಲಿ ಹುರುಳಿದೆ. ಬೀದಿದೀಪ ಉರಿಯದ್ದಕ್ಕೆ, ನಾಯಿಗಳ ಕಾಟಕ್ಕೆ, ಕೆಟ್ಟ ನೋಟಕ್ಕೆ ಮನೆಯೊಳಗಿನ ಸೈಕಲ್ ಉತ್ತರವಲ್ಲ. ಅವನ್ನು ಪುರಸಭೆಗೆ ಕೇಳಬೇಕು, ಗಟ್ಟಿಯಾಗಿಯೇ ಕೇಳಬೇಕು. ಆದರೆ ರಸ್ತೆ ಸರಿಯಾಗಲಿ ಅಂತ ಕಾಯುತ್ತಾ ಕೂತರೆ ನಮ್ಮ ಮಂಡಿ ಕಾಯುತ್ತದಾ?

ಅಲ್ಲದೆ ಒಳಗಿನ ಸೈಕಲ್ ಎಲ್ಲವನ್ನೂ ಕಲಿಸೋದಿಲ್ಲ. ತಿರುವು, ಬ್ರೇಕು, ಎದುರುಗಾಳಿ, ಓಡುವ ಸೈಕಲ್ ಮೇಲೆ ಒಂದೇ ಕೈಯಲ್ಲಿ ನೀರು ಕುಡಿಯೋದು, ಇವೆಲ್ಲ ರಸ್ತೆಯ ಪಾಠ. ಹಾಗಾಗಿ ವಾರದಲ್ಲಿ ಮೂರು ದಿನ ಒಳಗೆ, ಭಾನುವಾರ ಬೆಳಕು ಹರಿದ ಮೇಲೆ ಗಂಡನ ಜೊತೆಗೋ ಗೆಳತಿಯರ ಜೊತೆಗೋ ಹೊರಗೆ, ತಲೆಗೆ ಹೆಲ್ಮೆಟ್ ಹಾಕಿಕೊಂಡು. ಟ್ರೈನರ್ ಸ್ಟ್ಯಾಂಡಿಗೆ ನಾನು ಓಟು ಹಾಕಿದ್ದೂ ಇದಕ್ಕೇ. ವಾರಕ್ಕೊಮ್ಮೆಯಾದರೂ ಸೈಕಲ್ ಅದರಿಂದ ಇಳಿದು ಹೊಸಿಲು ದಾಟುತ್ತದೆ.

ಮನೆಯ ಅಭ್ಯಾಸದಲ್ಲಿ ಒಂದು ಅನುಕೂಲವೂ ಇದೆ. ಸೈಕಲ್ ಇಳಿದ ಕೂಡಲೇ ಓಡಲು ಹೊರಟರೆ ಕಾಲು ಮರದ ತುಂಡಿನಂತಾಗುತ್ತದೆ. ಇದಕ್ಕೆ ಒಗ್ಗಿಕೊಳ್ಳಲೆಂದೇ ‘ಬ್ರಿಕ್’ ಅನ್ನುವ ಅಭ್ಯಾಸವಿದೆ. ಐದಕ್ಕೆ ಮನೆಯೊಳಗೆ ನಲವತ್ತು ನಿಮಿಷ ತುಳಿದು, ಬೆಳಕಾಗುತ್ತಿದ್ದಂತೆ ಶೂ ಬದಲಿಸಿ ಹತ್ತು ನಿಮಿಷ ಮನೆ ಮುಂದಿನ ಬೀದಿಯಲ್ಲಿ ಓಡಿ ಬನ್ನಿ. ಸೈಕಲ್ ಎಲ್ಲಿ ನಿಲ್ಲಿಸೋದು ಅನ್ನುವ ಚಿಂತೆಯೇ ಇಲ್ಲ.

ಕೊನೆಯದಾಗಿ, ದುಡ್ಡು ಕೊಡುವ ಮೊದಲು ಮನೆಯಲ್ಲಿ ಒಂದು ಮಾತು ಮುಗಿಸಿಕೊಳ್ಳಿ. ಆ ಒಂದು ಗಂಟೆ ಹಾಲು ಉಕ್ಕದಂತೆ ನೋಡೋರು ಯಾರು? ಮಗು ಎದ್ದರೆ ಎತ್ತಿಕೊಳ್ಳೋರು ಯಾರು? ಇದು ಇತ್ಯರ್ಥವಾಗದೆ ಎಂಥ ದುಬಾರಿ ಬೈಕು ತಂದರೂ ಆರು ತಿಂಗಳಲ್ಲಿ ಅದು ಬಟ್ಟೆ ಒಣಗಿಸುವ ಸ್ಟ್ಯಾಂಡು. ಎಷ್ಟು ಮನೆಗಳಲ್ಲಿ ನೋಡಿಲ್ಲ ಹೇಳಿ! ಮಗನ ಕೋಚಿಂಗಿಗೆ, ಯಜಮಾನರ ಬೈಕಿಗೆ ಲೆಕ್ಕ ಹಾಕದ ಮನೆ ನಿಮ್ಮ ಸೈಕಲ್ಲಿಗೆ ಹದಿನೈದು ಸಾವಿರವನ್ನೂ ದಿನಕ್ಕೊಂದು ಗಂಟೆಯನ್ನೂ ಕೊಡಲಾರದಾ? ಕೇಳಿ ನೋಡಿ. ಸಂಕೋಚ ಬೇಡ.